ವೈದ್ಯಭಗಿನಿ ಮೇರಿ ಗ್ಲೌರಿ ಮತ್ತು ನಮ್ಮ ನಾಡಿನ ವೈದ್ಯಶಿಕ್ಷಣ

ದೇವಾಲಯದ ಶತಮಾನೋತ್ಸವದ ಸ್ಮರಣ ಸಂಚಿಕೆ ಎಂದರೆ ಅಡಿಗಲ್ಲು ಇಟ್ಟವರು, ಗಂಟೆಗೋಪುರ ಕಟ್ಟಿಸಿದವರು, ಇಲ್ಲಿ ಸೇವೆ ಸಲ್ಲಿಸಿ ಹೋದ ಗುರುಗಳು ಇವರ ಸ್ಮರಣೆಗೆ ಮೀಸಲಾದುದು ಎಂಬುದು ರೂಢಿ. ಅದು ಉಚಿತವೇ ಆಗಿದೆ. ಆದರೆ ಶಿವಮೊಗ್ಗ ಮತ್ತು ಭದ್ರಾವತಿಯ ಕಥೋಲಿಕ ಮನೆಗಳಿಂದ ಹೊರಟು ದಾದಿಯರಾಗಿ, ವೈದ್ಯರಾಗಿ, ಔಷಧಾಲಯದ ಸಹಾಯಕರಾಗಿ ದೇಶದ ನಾನಾ ಕಡೆ ದುಡಿದವರು ಅಲ್ಪಸಂಖ್ಯೆಯವರಲ್ಲ. ಅವರು ನಡೆದ ದಾರಿಯನ್ನು ಮೊದಲು ಕಡಿದು ಹಸನು ಮಾಡಿದವರು ಯಾರು ಎಂಬುದನ್ನು ಈ ಸಂಚಿಕೆಯ ಒಂದೆರಡು ಪುಟಗಳಲ್ಲಾದರೂ ದಾಖಲಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ನಾವು ಹೇಳಹೊರಟಿರುವುದು ಪವಿತ್ರ ಹೃದಯದ ಸಿಸ್ಟರ್ ಮೇರಿ ಎಂಬ ಹೆಸರು ಧರಿಸಿದ ಡಾಕ್ಟರ್ ಮೇರಿ ಗ್ಲೌರಿಯವರ ವೃತ್ತಾಂತ. ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಿ, ದುಡಿದದ್ದು ಆಂಧ್ರದ ಗುಂಟೂರಿನಲ್ಲಿ, ಕಣ್ಣು ಮುಚ್ಚಿದ್ದು ಬೆಂಗಳೂರಿನಲ್ಲಿ. ಹೀಗಿರುವಾಗ ತುಂಗಾ ಭದ್ರೆಯರ ತೀರದ ಊರುಗಳಿಗೂ ಈಕೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ನಮ್ಮ ಈ ಎರಡು ಊರುಗಳಲ್ಲಿ ಇಪ್ಪತ್ತನೆಯ ಶತಮಾನ ಮುಗಿಯುವವರೆಗೂ ವೈದ್ಯಕೀಯ ಕಾಲೇಜು ಇರಲಿಲ್ಲ. ಬೆಂಗಳೂರಿನಲ್ಲಿ 1924ರಲ್ಲಿ ಪ್ರಾರಂಭವಾಗಿ 1930ರಲ್ಲಿ ಮೈಸೂರಿಗೆ ಹೋದ ಸರ್ಕಾರಿ ಕಾಲೇಜು, 1953ರಲ್ಲಿ ಮಣಿಪಾಲದಲ್ಲಿ ತೆರೆದ ಕಸ್ತೂರ್‌ಬಾ ಕಾಲೇಜು, 1955ರಲ್ಲಿ ಬೆಂಗಳೂರಿನ ಕಾಲೇಜು, 1965ರಲ್ಲಿ ದಾವಣಗೆರೆಯಲ್ಲಿ ಸ್ಥಾಪಿತವಾದ ಜೆ.ಜೆ.ಎಂ. ಕಾಲೇಜು ಇವೇ ನಮ್ಮ ಮಕ್ಕಳಿಗೆ ಕೈಗೆಟಕುವಂತಿದ್ದವು. ಇವುಗಳ ಸಾಲಿನಲ್ಲಿ 1963ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸಂತ ಜಾನರ ವೈದ್ಯಕೀಯ ಕಾಲೇಜಿಗೆ ಒಂದು ವಿಶೇಷವಿದೆ. ಅಲ್ಲಿಂದ ಹೊರಬರುವ ವೈದ್ಯನು ಮೊದಲು ಹಳ್ಳಿಗೆ ಹೋಗಬೇಕು ಎಂಬ ಕರಾರನ್ನು ಅದು ಇರಿಸಿಕೊಂಡಿತು. ಆ ಕಾಲೇಜು ಬೇಕೆಂದು ಅದು ಹುಟ್ಟುವುದಕ್ಕೆ ಇಪ್ಪತ್ತು ವರ್ಷಗಳ ಹಿಂದೆಯೇ ಒತ್ತಾಯಿಸಿ ಹೇಳಿದವರು ಈ ಭಗಿನಿ.

ಮೇರಿ ಗ್ಲೌರಿಯವರು 1887ನೆಯ ಇಸವಿ ಜೂನ್ 23ರಂದು ವಿಕ್ಟೋರಿಯಾ ಪ್ರಾಂತದ ಬಿರೆಗುರ್ರ ಎಂಬ ಹಳ್ಳಿಯಲ್ಲಿ ಜನಿಸಿದರು. ಒಂಬತ್ತು ಮಕ್ಕಳ ಸಂಸಾರ. ವಿದ್ಯಾರ್ಥಿವೇತನದ ಬಲದಿಂದ ಮೆಲ್ಬೋರ್ನಿಗೆ ಬಂದು, ವಿಶ್ವವಿದ್ಯಾನಿಲಯದಲ್ಲಿ ಮೊದಲು ಸಾಹಿತ್ಯ ವಿಭಾಗವನ್ನು ಸೇರಿ, ಬಳಿಕ ವೈದ್ಯಶಾಸ್ತ್ರಕ್ಕೆ ತಿರುಗಿ 1910ರಲ್ಲಿ ಪದವೀಧರೆಯಾದರು. ಆ ವಿಶ್ವವಿದ್ಯಾನಿಲಯದಿಂದ ಮೊದಲ ಮಹಿಳಾ ವೈದ್ಯರು ಹೊರಬಂದು ಆಗಿನ್ನೂ ಇಪ್ಪತ್ತು ವರ್ಷಗಳು ತುಂಬಿರಲಿಲ್ಲ. ಸ್ತ್ರೀಯೊಬ್ಬಳು ಆಸ್ಪತ್ರೆಯಲ್ಲಿ ನಿವಾಸಿ ವೈದ್ಯಳಾಗುವುದು ಸುಲಭಸಾಧ್ಯವಾಗಿರದ ಆ ದಿನಗಳಲ್ಲಿ ಅವರು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಆಸ್ಪತ್ರೆಯಲ್ಲಿ ಅಂಥ ಹುದ್ದೆಯನ್ನು ವಹಿಸಿಕೊಂಡರು. ಮರಳಿ ಮೆಲ್ಬೋರ್ನಿಗೆ ಬಂದು ಕಣ್ಣು ಕಿವಿಗಳ ಆಸ್ಪತ್ರೆಯಲ್ಲಿಯೂ ಸಂತ ವಿನ್ಸೆಂಟರ ಆಸ್ಪತ್ರೆಯಲ್ಲಿಯೂ ಕೆಲಸ ಮಾಡುತ್ತ, ನಗರದ ಪ್ರತಿಷ್ಠಿತ ಕಾಲಿನ್ಸ್ ಬೀದಿಯಲ್ಲಿ ಸ್ವಂತ ಚಿಕಿತ್ಸಾಲಯವನ್ನೂ ನಡೆಸಿದರು. 1916ರಲ್ಲಿ ಅಲ್ಲಿನ ಕಥೋಲಿಕ ಮಹಿಳೆಯರ ಸಮಾಜಸೇವಾ ಸಂಘಕ್ಕೆ ಪ್ರಥಮ ಅಧ್ಯಕ್ಷೆಯಾದರು. ಹೆಸರು, ಆದಾಯ, ಗೌರವ ಯಾವುದಕ್ಕೂ ಕೊರತೆಯಿರಲಿಲ್ಲ.

ಇದೆಲ್ಲದರ ನಡುವೆ, 1915ರ ಅಕ್ಟೋಬರಿನಲ್ಲಿ, ಒಂದು ಚಿಕ್ಕ ಪುಸ್ತಿಕೆ ಅವರ ಕೈಸೇರಿತು. ಸ್ಕಾಟ್ಲೆಂಡಿನ ಡಾಕ್ಟರ್ ಆಗ್ನೆಸ್ ಮ್ಯಾಕ್‌ಲಾರೆನ್ ಎಂಬಾಕೆಯ ಜೀವನ ಅದರ ವಸ್ತು. ತನ್ನ ದೇಶದ ವಿಶ್ವವಿದ್ಯಾನಿಲಯಗಳು ಸ್ತ್ರೀಯರಿಗೆ ವೈದ್ಯಪದವಿ ಕೊಡಲೊಪ್ಪದಿದ್ದಾಗ ಫ್ರಾನ್ಸಿಗೆ ಹೋಗಿ ಮಾಂಪೆಲ್ಯೇ ನಗರದಲ್ಲಿ ಓದಿ 1878ರಲ್ಲಿ ವೈದ್ಯೆಯಾದವರು ಆಕೆ. ಅರುವತ್ತು ದಾಟಿದ ಮೇಲೆ ಕಥೋಲಿಕ ಸಭೆಯನ್ನು ಸೇರಿದವರು. ಎಪ್ಪತ್ತು ದಾಟಿದ ಮೇಲೆ ರಾವಲ್ಪಿಂಡಿಗೆ ಬಂದು ಸ್ತ್ರೀಯರ ಆಸ್ಪತ್ರೆ ಕಟ್ಟಿಸಿದವರು. ಪರದೆಯ ಹಿಂದಿನ ಹೆಂಗಸರು ಪರಪುರುಷನಾದ ವೈದ್ಯನಿಗೆ ಕೈನಾಡಿಯನ್ನೂ ತೋರಿಸಲಾರದೆ ಹೆರಿಗೆಯಲ್ಲಿ ಸಾಯುತ್ತಿದ್ದ ಸಂಗತಿಯನ್ನೂ ಹಸುಗೂಸುಗಳ ಮರಣವನ್ನೂ ಆ ಪುಸ್ತಿಕೆ ವಿವರಿಸಿತ್ತು. ಓದಿದಾಗ ಗ್ಲೌರಿಯವರಿಗೆ ಇಪ್ಪತ್ತೆಂಟು ವರ್ಷ. ಮುಂದಿನ ನಾಲ್ಕು ವರ್ಷ ಅವರು ಆತುರಪಡಲಿಲ್ಲ ಎಂಬುದು ನಮಗೆ ಮುಖ್ಯವಾಗಿ ಕಾಣುತ್ತದೆ. ಹೊರಡುವ ಮೊದಲು ಪ್ರಸೂತಿಶಾಸ್ತ್ರ, ಸ್ತ್ರೀರೋಗ ಹಾಗೂ ನೇತ್ರಚಿಕಿತ್ಸೆಗಳಲ್ಲಿ ಉನ್ನತ ಅಭ್ಯಾಸ ಮಾಡಿ 1919ರಲ್ಲಿ ಎಂ.ಡಿ. ಪದವಿಯನ್ನು ಪಡೆದುಕೊಂಡರು. ಭಕ್ತಿಯೊಂದಿದ್ದರೆ ಸಾಕು, ವಿದ್ಯೆ ಅಷ್ಟಕ್ಕಷ್ಟೇ ಇದ್ದರೂ ಬಡವರಿಗೆ ನಡೆದೀತು ಎಂಬ ಭಾವನೆ ಸೇವಾಸಂಸ್ಥೆಗಳಲ್ಲಿ ಆಗಲೂ ಇತ್ತು, ಈಗಲೂ ಅಲ್ಲಲ್ಲಿ ಇದೆ. ಅದಕ್ಕೆ ಈ ನಾಲ್ಕು ವರ್ಷಗಳೇ ಸಾಕಷ್ಟು ಉತ್ತರ.

ಇಲ್ಲೊಂದು ತೊಡಕನ್ನು ಸ್ವಲ್ಪ ವಿಸ್ತಾರವಾಗಿ ವಿವರಿಸಬೇಕಾಗಿದೆ. ಸಂನ್ಯಾಸಿನಿಯರು ನಡೆಸುವ ಆಸ್ಪತ್ರೆಗಳನ್ನು ಕಂಡು ಬೆಳೆದ ನಮ್ಮ ಯುವಜನರಿಗೆ ಇದು ನಂಬಲಾಗದ ಮಾತಾಗಿ ತೋರಬಹುದು. ಆ ಕಾಲದಲ್ಲಿ ವ್ರತಧಾರಿಣಿಯಾದ ಕನ್ಯಾಸ್ತ್ರೀ ವೈದ್ಯಳಾಗಿ ವೃತ್ತಿ ನಡೆಸುವುದು ಸಭೆಯ ನಿಯಮಕ್ಕೆ ವಿರುದ್ಧವಾಗಿತ್ತು. ಇದರ ಬೇರು ಬಹಳ ಹಿಂದಿನದು. ಮಠವಾಸಿಗಳು ಲೌಕಿಕ ಲಾಭಕ್ಕಾಗಿ ವೈದ್ಯವನ್ನು ಕಲಿಯಬಾರದೆಂದು 1139ರ ಲ್ಯಾಟರನ್ ಮಹಾಸಭೆ ವಿಧಿಸಿತ್ತು. ಕೊಯ್ಯುವ, ಸುಡುವ ಶಸ್ತ್ರಚಿಕಿತ್ಸೆಯನ್ನು ಗುರುಪಟ್ಟದವರು ಮಾಡಬಾರದೆಂದು 1215ರ ಮಹಾಸಭೆ ಹೇಳಿತು. ರೋಮಿನ ವಿಶೇಷ ಅಪ್ಪಣೆಯಿಲ್ಲದೆ ಗುರುಗಳು ವೈದ್ಯವೃತ್ತಿ ನಡೆಸಬಾರದೆಂಬ ನಿಷೇಧ 1917ರ ಧರ್ಮಸಂಹಿತೆಯಲ್ಲಿಯೂ ಉಳಿದುಕೊಂಡು ಸಂನ್ಯಾಸಸಭೆಗಳವರಿಗೂ ಅನ್ವಯವಾಯಿತು. ಅದರಲ್ಲಿಯೂ ಹೆರಿಗೆಯ ಕೆಲಸವೆಂದರೆ ಕನ್ಯಾಸ್ತ್ರೀಯರಿಗೆ ದೂರವೇ ದೂರ. ರೋಗಿಯ ಹಾಸಿಗೆಯ ಬಳಿ ಪ್ರಾರ್ಥಿಸಬಹುದು, ಗಂಜಿ ಕುಡಿಸಬಹುದು, ಗಾಯ ತೊಳೆಯಬಹುದು; ಅಡ್ಡಬಿದ್ದ ಮಗುವನ್ನು ತಿರುಗಿಸಿ ತಾಯಿಯನ್ನು ಉಳಿಸುವಂತಿರಲಿಲ್ಲ. ಈ ನಿಯಮವನ್ನು ಸಡಿಲಿಸಬೇಕೆಂದು ಆಗ್ನೆಸ್ ಮ್ಯಾಕ್‌ಲಾರೆನ್ ಅವರು ಮುಪ್ಪಿನಲ್ಲಿ ಮತ್ತೆ ಮತ್ತೆ ರೋಮಿಗೆ ಹೋಗಿ ಬೇಡಿಕೊಂಡು, ಫಲ ಕಾಣದೆಯೇ 1913ರಲ್ಲಿ ತೀರಿಕೊಂಡಿದ್ದರು.

ಇಂಥ ಸ್ಥಿತಿಯಲ್ಲಿ ಗ್ಲೌರಿಯವರು 1920ನೆಯ ಜನವರಿಯಲ್ಲಿ ಮೆಲ್ಬೋರ್ನಿನಿಂದ ಹಡಗು ಹತ್ತಿದರು. ಫೆಬ್ರವರಿ 12ರಂದು ಗುಂಟೂರು ತಲುಪಿ, ಹಾಲೆಂಡ್ ಮೂಲದ ಯೇಸು ಮರಿಯ ಜೋಸೆಫರ ಸಭೆಯನ್ನು ಸೇರಿದರು. ವ್ರತವೂ ಇರಬೇಕು, ವೈದ್ಯವೂ ನಡೆಯಬೇಕು. ಒಂದನ್ನು ಬಿಟ್ಟು ಇನ್ನೊಂದಿಲ್ಲ. ಪೋಪ್ ಹದಿನೈದನೆಯ ಬೆನೆಡಿಕ್ಟರು ವಿಶೇಷ ಅನುಮತಿಯನ್ನು ಕೊಟ್ಟರು. ಹೀಗೆ ಸಂನ್ಯಾಸಿನಿಯಾಗಿಯೇ ವೈದ್ಯವೃತ್ತಿ ನಡೆಸುವ ಮೊತ್ತಮೊದಲಿಗರಾಗಿ ಅವರು ಗಣ್ಯರಾಗಿದ್ದಾರೆ. ಅವರೊಬ್ಬರಿಗೆ ದೊರೆತ ಅನುಮತಿ ಎಲ್ಲರಿಗೂ ಸಾಮಾನ್ಯ ನಿಯಮವಾಗಲು ಇನ್ನೂ ಹದಿನಾರು ವರ್ಷ ಬೇಕಾಯಿತು. 1936ರ ಫೆಬ್ರವರಿ 11ರಂದು ರೋಮಿನಿಂದ ಹೊರಟ ಆದೇಶವು ಮಿಷನ್ ಪ್ರದೇಶಗಳ ಸಂನ್ಯಾಸಿನಿಯರು ವೈದ್ಯವನ್ನೂ ಪ್ರಸೂತಿವಿದ್ಯೆಯನ್ನೂ ಕಲಿಯಲು ದಾರಿ ತೆರೆಯಿತು. ಮ್ಯಾಕ್‌ಲಾರೆನ್ನರ ಇನ್ನೊಬ್ಬ ಶಿಷ್ಯೆ, ಆಸ್ಟ್ರಿಯಾದ ಡಾಕ್ಟರ್ ಅನ್ನಾ ಡೆಂಗೆಲ್ ಅವರು 1925ರಲ್ಲಿ ಅಮೆರಿಕದಲ್ಲಿ ವೈದ್ಯಕೀಯ ಮಿಷನ್ ಭಗಿನಿಯರ ಕೂಟವನ್ನು ಕಟ್ಟಿದ್ದರೂ, ಅವರು ಬಹಿರಂಗ ವ್ರತ ತೊಡಲು ಈ ಆದೇಶವನ್ನೇ ಕಾಯಬೇಕಾಯಿತು. ಸಭೆಯ ಇತಿಹಾಸದಲ್ಲಿ ಎಂಟು ನೂರು ವರ್ಷಗಳ ಬಾಗಿಲೊಂದು ಮೂವರು ಹೆಂಗಸರ ಹಠದಿಂದ ತೆರೆಯಿತು ಎಂದರೆ ಅತಿಶಯೋಕ್ತಿಯಾಗದು.

ಗುಂಟೂರಿನಲ್ಲಿ ಚಿಕ್ಕ ಔಷಧಾಲಯವಾಗಿ ಆರಂಭವಾದದ್ದು ಸಂತ ಜೋಸೆಫರ ಆಸ್ಪತ್ರೆಯಾಗಿ ಬೆಳೆಯಿತು. ಸಿಸ್ಟರ್ ಮೇರಿಯವರನ್ನು ಕೇವಲ ವೈದ್ಯೆಯೆನ್ನದೆ ವೈದ್ಯಶಿಕ್ಷಕಿ ಎಂದು ನಾವು ಕರೆಯುವುದು ಅಲ್ಲಿನ ಅವರ ಕಾರ್ಯಕ್ರಮದಿಂದಾಗಿ. ಒಬ್ಬ ವೈದ್ಯೆ ಎಷ್ಟು ಮಂದಿಯನ್ನು ನೋಡಿಯಾಳು? ಆದುದರಿಂದ ಅವರು ಸ್ಥಳೀಯ ಹೆಂಗಸರನ್ನೇ ಕರೆದು ಔಷಧ ಕೂಡಿಸುವವರನ್ನಾಗಿ, ಸೂಲಗಿತ್ತಿಯರನ್ನಾಗಿ, ದಾದಿಯರನ್ನಾಗಿ ತರಬೇತು ಮಾಡಿದರು. ಹೆರಿಗೆಯ ಕೆಲಸ ನಮ್ಮ ಹಳ್ಳಿಗಳಲ್ಲಿ ತಲೆತಲಾಂತರದಿಂದ ಸೂಲಗಿತ್ತಿಯದು. ಅವಳ ಕೈಗುಣವನ್ನು ಹೊಗಳಿದವರುಂಟು, ಅವಳ ಕುಡುಗೋಲಿನ ಕೊಳೆಯನ್ನು ದೂರಿದವರೂ ಉಂಟು. ಆದರೆ ಅವಳ ಪಕ್ಕದಲ್ಲಿ ಕುಳಿತು ಕೈ ತೊಳೆಯುವುದು ಏಕೆ, ಹೊಕ್ಕುಳಬಳ್ಳಿಯನ್ನು ಕುದಿಸಿದ ಕತ್ತರಿಯಿಂದಲೇ ಕೊಯ್ಯಬೇಕು ಏಕೆ ಎಂದು ತಾಳ್ಮೆಯಿಂದ ಹೇಳಿಕೊಡುವವರು ವಿರಳ. ಪಾಠವೆಂಬುದು ಕಾಲೇಜಿನ ಗ್ಯಾಲರಿಯಲ್ಲಿ ಮಾತ್ರ ನಡೆಯತಕ್ಕದ್ದಲ್ಲ. ಹೆರಿಗೆಯ ಕೋಣೆಯಲ್ಲಿ ಹಿಡಿದ ಲಾಟೀನಿನ ಬೆಳಕಿನಲ್ಲಿಯೂ ನಡೆಯಬಲ್ಲುದು.

ಎರಡನೆಯ ಮಹಾಯುದ್ಧದ ನಡುಗಾಲ, 1943ನೆಯ ಜುಲೈ 29. ಆಸ್ಪತ್ರೆಗಳಲ್ಲಿ ದುಡಿಯುತ್ತಿದ್ದ ಹದಿನಾರು ಮಂದಿ ಭಗಿನಿಯರು ಕೂಡಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಸ್ಥಾಪಿಸಿದರು. ಐವತ್ತಾರು ವಯಸ್ಸಿನ ಸಿಸ್ಟರ್ ಮೇರಿಯವರೇ ಮೊದಲ ಅಧ್ಯಕ್ಷೆ. ಅಲ್ಲಿಯವರೆಗೆ ಒಂದೊಂದು ಆಸ್ಪತ್ರೆಯೂ ತನ್ನ ಬಾವಿಯ ನೀರನ್ನು ತಾನೇ ಸೇದಿ ಕುಡಿಯುತ್ತಿತ್ತು. ಒಬ್ಬರ ಕಷ್ಟ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಸಂಘದ ಮುಂದೆ ಅವರಿಟ್ಟ ದೊಡ್ಡ ಗುರಿಯೇ ವೈದ್ಯಕೀಯ ಕಾಲೇಜು. ಪ್ರೊಟೆಸ್ಟಂಟ್ ಬಾಂಧವರು ಈ ವಿಷಯದಲ್ಲಿ ಬಹಳ ಮುಂದಿದ್ದರೆಂದು ಒಪ್ಪಿಕೊಳ್ಳಲೇಬೇಕು. ಲೂಧಿಯಾನದಲ್ಲಿ ಡಾಕ್ಟರ್ ಎಡಿತ್ ಬ್ರೌನ್ ಅವರು 1894ರಲ್ಲಿಯೂ ವೆಲ್ಲೂರಿನಲ್ಲಿ ಡಾಕ್ಟರ್ ಐಡಾ ಸ್ಕಡರ್ ಅವರು 1918ರಲ್ಲಿಯೂ ಸ್ತ್ರೀಯರಿಗಾಗಿ ವೈದ್ಯಶಾಲೆಗಳನ್ನು ತೆರೆದಿದ್ದರು. ಕಥೋಲಿಕರಿಗೆ ನೂರಾರು ಔಷಧಾಲಯಗಳಿದ್ದವು, ಶಾಲೆಗಳಿಗೆ ಲೆಕ್ಕವಿರಲಿಲ್ಲ. ವೈದ್ಯಕೀಯ ಕಾಲೇಜು ಒಂದೂ ಇರಲಿಲ್ಲ. ಸಂನ್ಯಾಸಿನಿಯರು ವೈದ್ಯರಾಗಬಹುದೆಂದು 1936ರಲ್ಲಿ ಅಪ್ಪಣೆಯೇನೋ ಆಯಿತು. ಅವರು ಓದುವುದೆಲ್ಲಿ?

ಆ ಕಾಲೇಜನ್ನು ಕಾಣುವ ಯೋಗ ಅವರಿಗಿರಲಿಲ್ಲ. ಕ್ಯಾನ್ಸರ್ ವ್ಯಾಧಿಗೆ ತುತ್ತಾಗಿ, ಬೆಂಗಳೂರಿನಲ್ಲಿ ಗುಡ್ ಶೆಪರ್ಡ್ ಭಗಿನಿಯರು 1886ರಲ್ಲಿ ಸ್ಥಾಪಿಸಿದ್ದ ಸಂತ ಮಾರ್ತಾ ಆಸ್ಪತ್ರೆಯಲ್ಲಿ 1957ನೆಯ ಮೇ 5ರಂದು ಅವರು ದೈವಾಧೀನರಾದರು. ಭಾರತಕ್ಕೆ ಬಂದು ಮೂವತ್ತೇಳು ವರ್ಷಗಳಾಗಿದ್ದವು.

ಅದೇ 1957ನೆಯ ಇಸವಿಯ ಬೇಸಗೆ ನಮ್ಮ ಜಿಲ್ಲೆಯ ಹಿರಿಯರಿಗೆ ಮರೆಯಲಾಗದ್ದು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತುಬೀಳತೊಡಗಿದವು. ಹಿಂದೆಯೇ ಸೌದೆಗೆ, ಸೊಪ್ಪಿಗೆ ಕಾಡು ಹೊಕ್ಕ ಜನರಿಗೆ ಸುಡುವ ಜ್ವರ, ತಲೆನೋವು, ರಕ್ತಸ್ರಾವ. ಮೊದಲು ವಿಷಮಶೀತಜ್ವರವೆಂದು ಶಂಕಿಸಿದರು. ಮಂಗಗಳೂ ಸಾಯುತ್ತಿದ್ದುದರಿಂದ ಪರದೇಶದ ಹಳದಿ ಜ್ವರವೇ ಬಂದಿತೇ ಎಂದು ವಿಜ್ಞಾನಿಗಳು ಬೆದರಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಡಾಕ್ಟರ್ ಟೆಲ್‌ಫೋರ್ಡ್ ವರ್ಕ್, ಟಿ. ರಾಮಚಂದ್ರ ರಾವ್ ಮೊದಲಾದವರು ಬಂದು, ಇದು ಉಣುಗುಗಳಿಂದ ಹರಡುವ, ಅದುವರೆಗೆ ಯಾವ ವೈದ್ಯಗ್ರಂಥದಲ್ಲಿಯೂ ಇಲ್ಲದ ಹೊಸ ವ್ಯಾಧಿಯೆಂದು ತೋರಿಸಿಕೊಟ್ಟರು. ಲೋಕಕ್ಕೆ ಅದು ಕ್ಯಾಸನೂರು ಕಾಡಿನ ಕಾಯಿಲೆ, ನಮಗೆ ಮಂಗನ ಕಾಯಿಲೆ. ಇದರ ಪರೀಕ್ಷೆಗಾಗಿ ಶಿವಮೊಗ್ಗದಲ್ಲಿಯೇ ಪ್ರಯೋಗಾಲಯವೂ ಸ್ಥಾಪಿತವಾಯಿತು. ವೈದ್ಯನ ಮರಣಕ್ಕೂ ಈ ಕಾಯಿಲೆಯ ಹುಟ್ಟಿಗೂ ನಂಟಿಲ್ಲ, ನಿಜ. ಎರಡನ್ನೂ ಒಟ್ಟಿಗೆ ಹೇಳಲು ಬೇರೊಂದು ಕಾರಣವಿದೆ. ಪುಸ್ತಕದಲ್ಲಿಲ್ಲದ ರೋಗವನ್ನು ಮೊದಲು ಕಾಣುವವನು ನಗರದ ಪ್ರಾಧ್ಯಾಪಕನಲ್ಲ, ತಾಲ್ಲೂಕಿನ ಔಷಧಾಲಯದಲ್ಲಿ ಕುಳಿತ ವೈದ್ಯ ಅಥವಾ ದಾದಿ. ಅಲ್ಲಿ ಕುಳಿತುಕೊಳ್ಳಲು ಯಾರೂ ಒಪ್ಪದಿದ್ದರೆ ಮಂಗ ಸತ್ತರೂ ತಿಳಿಯದು, ಮನುಷ್ಯ ಸತ್ತರೂ ತಿಳಿಯದು.

ಮಲೆನಾಡಿಗೆ ಇದು ಹೊಸ ಪಾಠವೇನಲ್ಲ. ಬೆಂಕಿಪುರವೆಂಬ ಊರು ಭದ್ರಾವತಿಯಾಗಿ, 1918ರಲ್ಲಿ ಕಬ್ಬಿಣದ ಕಾರ್ಖಾನೆಗೆ ನಾಂದಿಯಾಗಿ, 1923ರಲ್ಲಿ ಕುಲುಮೆ ಹೊತ್ತಿಕೊಂಡಾಗ ಕೆಲಸ ಹುಡುಕಿ ಬಂದವರು ಕರಾವಳಿಯವರು, ತಮಿಳರು, ಮಲಯಾಳಿಗಳು, ಬಯಲುಸೀಮೆಯವರು. ಇಂದಿನ ನಮ್ಮ ಭಕ್ತಸಮುದಾಯದ ಬಹಳಷ್ಟು ಮನೆತನಗಳ ಕಥೆಯೂ ಅಲ್ಲಿಂದಲೇ ಮೊದಲಾಗುತ್ತದೆ. ಮಲೆನಾಡಿನ ಚಳಿಜ್ವರ ಅವರನ್ನೆಲ್ಲ ಜಾತಿಮತ ಕೇಳದೆ ಸ್ವಾಗತಿಸಿತು. ಕ್ವಿನೈನಿನ ಕಹಿ ಗೊತ್ತಿಲ್ಲದ ಅಜ್ಜ ಅಜ್ಜಿ ಆ ತಲೆಮಾರಿನಲ್ಲಿ ಇದ್ದಿರಲಾರರು.

ಇನ್ನು 1963. ಆ ವರ್ಷ ಜೂನ್ 3ರಂದು ಪೋಪ್ ಇಪ್ಪತ್ತಮೂರನೆಯ ಜಾನರು ಗತಿಸಿದರು. ಭಾರತದ ಧರ್ಮಾಧ್ಯಕ್ಷರ ಮಂಡಳಿಯು ಅವರ ಹೆಸರಿನಲ್ಲಿ ಬೆಂಗಳೂರಿನಲ್ಲಿ ವೈದ್ಯಕೀಯ ಕಾಲೇಜನ್ನು ಆರಂಭಿಸಿದ್ದೂ ಆ ವರ್ಷವೇ. ನವೆಂಬರ್ 16ರಂದು ಮೈಸೂರು ಧರ್ಮಪ್ರಾಂತ್ಯದಿಂದ ಚಿಕ್ಕಮಗಳೂರು ಧರ್ಮಪ್ರಾಂತ್ಯ ಬೇರ್ಪಟ್ಟು ಶಿವಮೊಗ್ಗ ಸೀಮೆ ಅದರ ಭಾಗವಾಯಿತು. ಯುವಕರಾಗಿದ್ದ ಪೂಜ್ಯ ಆಲ್ಫೋನ್ಸಸ್ ಮಥಾಯಸರು ಪ್ರಥಮ ಧರ್ಮಾಧ್ಯಕ್ಷರಾಗಿ ನೇಮಕಗೊಂಡರು. ಮುಂದೆ 1986ರಲ್ಲಿ ಅವರು ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾದರು. 1988ರ ನವೆಂಬರ್ 14ರಂದು ಶಿವಮೊಗ್ಗವೇ ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು. ಹೀಗೆ ನಮ್ಮ ಪ್ರದೇಶದ ಸಭಾ ಚರಿತ್ರೆಯೂ ಆ ಕಾಲೇಜಿನ ಚರಿತ್ರೆಯೂ ಸಮವಯಸ್ಕ ದಾಯಾದಿಗಳಂತೆ ಬೆಳೆದಿವೆ.

ಕಾಲೇಜು ಆರಂಭವಾದಾಗ ಅದಕ್ಕೆ ಸ್ವಂತ ಆಸ್ಪತ್ರೆ ಇರಲಿಲ್ಲ. ಅದು ಸಿದ್ಧವಾದದ್ದು 1975ರಲ್ಲಿ. ಅಲ್ಲಿಯವರೆಗೆ ವಿದ್ಯಾರ್ಥಿಗಳು ರೋಗಿಯ ಹಾಸಿಗೆಯ ಬಳಿ ನಿಂತು ಕಲಿತದ್ದು ಸಂತ ಮಾರ್ತಾ ಆಸ್ಪತ್ರೆಯ ವಾರ್ಡುಗಳಲ್ಲಿ. ಕಾಲೇಜು ಬೇಕೆಂದು ಹಂಬಲಿಸಿದಾಕೆ ಕೊನೆಯುಸಿರೆಳೆದ ಆ ಆಸ್ಪತ್ರೆಯಲ್ಲಿಯೇ, ಆರು ವರ್ಷಗಳ ಬಳಿಕ ಆ ಕಾಲೇಜಿಗೆ ಆಸರೆ ದೊರೆಯಿತು. ದೈವಸಂಕಲ್ಪವೆನ್ನುವವರು ಹಾಗೆನ್ನಲಿ, ಕಾಕತಾಳೀಯವೆನ್ನುವವರು ಹಾಗೆನ್ನಲಿ. ಸಂಗತಿ ಮಾತ್ರ ಸತ್ಯ.

ಆ ಕಾಲೇಜಿನ ಎರಡು ಕ್ರಮಗಳಲ್ಲಿ ಸಿಸ್ಟರ್ ಮೇರಿಯವರ ಮುದ್ರೆ ಸ್ಪಷ್ಟವಾಗಿ ಕಾಣುತ್ತದೆ. ಒಂದು, ಸಂನ್ಯಾಸಿನಿಯರಿಗಾಗಿಯೇ ಸ್ಥಾನಗಳನ್ನು ಕಾದಿರಿಸಿದುದು. ಇನ್ನೊಂದು, ಓದು ಮುಗಿಸಿದ ವೈದ್ಯರು ಸೌಕರ್ಯವಿಲ್ಲದ ಗ್ರಾಮಾಂತರ ಆಸ್ಪತ್ರೆಗಳಲ್ಲಿ ಎರಡು ವರ್ಷ ದುಡಿಯಬೇಕೆಂಬ ಒಪ್ಪಂದ. ಇದರ ಬೆಲೆ ತಿಳಿಯಬೇಕಾದರೆ ಕರ್ನಾಟಕದಲ್ಲಿ ಅದೇ ಕಾಲಕ್ಕೆ ನಡೆದುದನ್ನು ನೆನೆಯಬೇಕು. ಖಾಸಗಿ ವೈದ್ಯಕೀಯ ಕಾಲೇಜುಗಳು ಅಣಬೆಗಳಂತೆ ಎದ್ದು, ಸೀಟಿಗೆ ತೆರುವ ಕ್ಯಾಪಿಟೇಷನ್ ಹಣ ಮನೆಮಾತಾಗಿ, ಕಡೆಗೆ 1984ರಲ್ಲಿ ಸರ್ಕಾರವೇ ಅದನ್ನು ನಿಷೇಧಿಸುವ ಕಾನೂನು ಮಾಡಬೇಕಾಯಿತು. ಮಗನ ಸೀಟಿಗಾಗಿ ಅಡಿಕೆ ತೋಟವನ್ನು ಅಡವಿಟ್ಟವರನ್ನು ನಮ್ಮ ಜಿಲ್ಲೆಯಲ್ಲಿ ಕಾಣದವರಿಲ್ಲ. ಹಾಗೆ ಓದಿದ ಮಗ ತೋಟವನ್ನು ಬಿಡಿಸಿಕೊಳ್ಳುವನೋ, ಹಳ್ಳಿಯ ರೋಗಿಯನ್ನು ನೋಡುವನೋ? ಅವನೊಬ್ಬನನ್ನೇ ದೂರುವುದು ನ್ಯಾಯವಲ್ಲ. ಎರಡು ವರ್ಷದ ಕರಾರನ್ನು ಹಣ ಕಟ್ಟಿ ತಪ್ಪಿಸಿಕೊಳ್ಳುವವರೂ ಇಲ್ಲದಿಲ್ಲ. ಆದರೆ ಕರಾರೆಂಬುದೊಂದು ಇದೆ, ಅದನ್ನು ಪಾಲಿಸಿದವರು ಇದ್ದಾರೆ ಎಂಬುದನ್ನು ಮರೆಯಲಾಗದು.

ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಶಿವಮೊಗ್ಗಕ್ಕೂ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿತು. ಊರಿನ ಹಳೆಯ ಮೆಗ್ಗಾನ್ ಆಸ್ಪತ್ರೆಯೇ ಅದರ ಬೋಧನಾಲಯವಾಯಿತು. ಹಿಂದೆ ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದ ಆ ಮೊಗಸಾಲೆಗಳಲ್ಲಿ ಬಿಳಿ ಕೋಟು ತೊಟ್ಟ ಯುವಕ ಯುವತಿಯರು ನಡೆದಾಡುವುದನ್ನು ಕಂಡ ಹಿರಿಯರಿಗೆ ಆದ ಸಂತೋಷ ಸಣ್ಣದಲ್ಲ. ಗುಂಟೂರಿನಲ್ಲಿ ಹದಿನಾರು ಮಂದಿಯಿಂದ ಹೊರಟ ಸಂಘವು ಮೂರು ಸಾವಿರಕ್ಕೂ ಮಿಕ್ಕಿ ಸದಸ್ಯ ಸಂಸ್ಥೆಗಳಿರುವ ದೊಡ್ಡ ಬಳಗವಾಗಿ ಬೆಳೆದಿದೆ. ಸಿಸ್ಟರ್ ಮೇರಿಯವರನ್ನು 2013ರಲ್ಲಿ ಸಭೆಯು ದೇವರ ಸೇವಕಿಯೆಂದು ಘೋಷಿಸಿತು.

ಕಡೆಯದಾಗಿ ಒಂದು ವಿಜ್ಞಾಪನೆ. ದೇವಾಲಯದ ದಾಖಲೆ ಪುಸ್ತಕಗಳು ಜ್ಞಾನಸ್ನಾನವನ್ನು ಹೇಳುತ್ತವೆ, ವಿವಾಹವನ್ನು ಹೇಳುತ್ತವೆ, ಮರಣವನ್ನು ಹೇಳುತ್ತವೆ. ಯಾರು ಎಲ್ಲಿ ದಾದಿಯಾಗಿ ಎಷ್ಟು ವರ್ಷ ರಾತ್ರಿಪಾಳಿ ಮಾಡಿದರೆಂಬುದನ್ನು ಹೇಳುವುದಿಲ್ಲ. ಶಿವಮೊಗ್ಗದಿಂದಾಗಲಿ ಭದ್ರಾವತಿಯಿಂದಾಗಲಿ ಹೀಗೆ ಹೋದ ನಿಮ್ಮ ಅತ್ತೆ, ಚಿಕ್ಕಮ್ಮ, ಅಕ್ಕಂದಿರ ಹೆಸರು, ಕಲಿತ ಆಸ್ಪತ್ರೆ, ದುಡಿದ ಊರು ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಅವರ ಹಳೆಯ ಭಾವಚಿತ್ರವಿದ್ದರೆ ಅದನ್ನೂ ಲಗತ್ತಿಸಿ, ಧರ್ಮಕೇಂದ್ರದ ಕಚೇರಿಗೆ ತಲುಪಿಸಬೇಕಾಗಿ ಕೋರುತ್ತೇವೆ. ಬಲ್ಲ ಹಿರಿಯರು ನಮ್ಮೊಡನೆ ಇರುವಾಗಲೇ ಈ ಕೆಲಸ ಆಗಬೇಕಾಗಿದೆ.